ನಿತ್ಯವ್ಯವಹಾರ: ಹಿಂದಿರುಗುವ ದಾರಿ

ರೋಣ, ನರಗುಂದ, ಗಜೇಂದ್ರಗಡಗಳ ಬ್ಯಾಂಕುಗಳಲ್ಲಿಯೂ ಅಂಚೆಯ ಕಚೇರಿಗಳಲ್ಲಿಯೂ ಈಗ ಲೆಕ್ಕವೆಲ್ಲ ಕಂಪ್ಯೂಟರಿನೊಳಗೆ ಇರುವದು. ಅದನ್ನು ನಡೆಸುವ ತಂತ್ರಾಂಶವನ್ನು ಆಗಾಗ ಹೊಸದು ಮಾಡುವದಕ್ಕೆ ಅಪ್‌ಡೇಟ್ ಎಂದೂ, ಹೊಸದು ಕೆಟ್ಟರೆ ಹಳೆಯದಕ್ಕೆ ಮರಳುವದಕ್ಕೆ ರೋಲ್‌ಬ್ಯಾಕ್ ಎಂದೂ ಹೆಸರು. ಈ ಎರಡನೆಯದು ಕೇಳಿದಷ್ಟು ಸುಲಭವಲ್ಲ.

2024ನೆಯ ಇಸವಿಯ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಅಮೇರಿಕೆಯ ಸಂಸ್ಥೆಯು, ಯಂತ್ರಗಳನ್ನು ಕಾಯುವ ತನ್ನ ತಂತ್ರಾಂಶಕ್ಕಾಗಿ ದೋಷವುಳ್ಳದೊಂದು ಚಿಕ್ಕ ಕಡತವನ್ನು ಕಳುಹಿಸಿತು. ನಮ್ಮ ಗಡಿಯಾರದ 9-39ಕ್ಕೆ ಹೊರಟುದನ್ನು 10-57ಕ್ಕೆ ಹಿಂದೆಗೆದುಕೊಂಡಿತು. ಆ 78 ನಿಮಿಷಗಳಲ್ಲಿ ಸುಮಾರು 85 ಲಕ್ಷ ಯಂತ್ರಗಳು ಕೆಟ್ಟು ಕುಳಿತವು. ನಮ್ಮ ದೇಶದ ವಿಮಾನನಿಲ್ದಾಣಗಳಲ್ಲಿ ಪ್ರಯಾಣಚೀಟಿಗಳನ್ನು ಕೈಯಿಂದ ಬರೆದುಕೊಡಬೇಕಾಯಿತು. ಮೂಲದಲ್ಲಿ ಹಿಂದೆಗೆದರೂ ಕೆಟ್ಟ ಕಡತವು ಆಗಲೇ ಯಂತ್ರಗಳೊಳಗೆ ಸೇರಿದ್ದಿತು. ಯಂತ್ರವು ಎದ್ದೇಳದೆ ದೂರದ ಆಜ್ಞೆಯನ್ನು ಕೇಳಲಾರದು. ಆದುದರಿಂದ ಬಹುಮಟ್ಟಿಗೆ ಒಂದೊಂದು ಯಂತ್ರದೆದುರು ಮನುಷ್ಯನು ಕುಳಿತೇ ಅದನ್ನು ಅಳಿಸಬೇಕಾಯಿತು. ಅದಕ್ಕೆ ಬೇಕಾದ ಗುಪ್ತಸಂಕೇತಗಳನ್ನು ಕೆಲವರು ಕೆಟ್ಟ ಯಂತ್ರಗಳಲ್ಲಿಯೇ ಇಟ್ಟಿದ್ದರಂತೆ! ತಿಜೋರಿಯ ಕೀಲಿಯನ್ನು ತಿಜೋರಿಯೊಳಗಿಟ್ಟ ಜಾಣರು.

ಲೆಕ್ಕಪತ್ರಗಳ ವಿಷಯದಲ್ಲಿ ತೊಡಕು ಇನ್ನೂ ಹೆಚ್ಚು. ಗಜೇಂದ್ರಗಡದಲ್ಲಿ ಪಟ್ಟೆದಂಚಿನ ಸೀರೆ ನೇಯುವವರು ಇದನ್ನು ಬೇಗ ತಿಳಿದಾರು. ತಪ್ಪಿದ ಹೊಕ್ಕನ್ನು ಮಗ್ಗದ ಮೇಲಿರುವಾಗ ಬಿಚ್ಚಬಹುದು. ಸೀರೆ ಮಾರಿಹೋದ ಮೇಲೆ ಬಿಚ್ಚುವದೆಲ್ಲಿ? ಹೊಸ ತಂತ್ರಾಂಶವು ಮಧ್ಯಾಹ್ನದವರೆಗೆ ನಡೆದು ಕೆಟ್ಟಿತೆನ್ನಿ. ನಿನ್ನೆಯ ರಾತ್ರಿಯ ಪ್ರತಿಯನ್ನು ಮರಳಿ ತಂದರೆ ಬೆಳಿಗ್ಗೆ ರೈತನು ತುಂಬಿದ ಹಣವು ಲೆಕ್ಕದಿಂದ ಮಾಯವಾಗುವದು. ತರದಿದ್ದರೆ, ಹೊಸ ರೀತಿಯಲ್ಲಿ ಬರೆದುದನ್ನು ಹಳೆಯ ತಂತ್ರಾಂಶವು ಓದಲಾರದು. ಆದಕಾರಣ ತಿಳಿದವರು ಮೊದಲು ಹೊಸ ಕಲಮನ್ನು ಸೇರಿಸಿ, ಹಳೆಯದನ್ನೂ ಕೆಲಕಾಲ ಉಳಿಸಿ, ಎರಡೂ ತಂತ್ರಾಂಶಗಳು ಓದುವಂತೆ ಇಡುತ್ತಾರೆ. ಹಳೆಯದನ್ನು ಅಳಿಸುವದು ಬಹಳ ತಡವಾಗಿ.

ಅಂಚೆಯ ಇಲಾಖೆಯು 2025ರಲ್ಲಿ ತನ್ನ ಹೊಸ ತಂತ್ರಾಂಶವನ್ನು ಮೇ-ಜೂನ್ ತಿಂಗಳುಗಳಲ್ಲಿ ಮೊದಲು ಕರ್ನಾಟಕ ವೃತ್ತದಲ್ಲಿ ಪ್ರಯೋಗಿಸಿ, ಅನಂತರ ಉಳಿದ ವೃತ್ತಗಳಿಗೆ ಹಂತಹಂತವಾಗಿ ಒಯ್ದು, ಆಗಸ್ಟ್ 4ಕ್ಕೆ ದೇಶವನ್ನೆಲ್ಲ ಮುಟ್ಟಿಸಿತು. ಬದಲಾವಣೆಯ ದಿನ ಹಲವೆಡೆ ಜನರೊಡನೆ ವ್ಯವಹಾರವನ್ನೇ ನಿಲ್ಲಿಸಿದ್ದರು. ಇದಕ್ಕೆ ಬೈದವರುಂಟು. ನಮಗಾದರೋ ಅದು ವಿವೇಕವೆಂದೇ ತೋರುವದು: ಹೊಸ ಲೆಕ್ಕ ಬೀಳದ ದಿನದಲ್ಲಿ ಹಿಂದಿರುಗಿದರೆ ಯಾರ ಹಣವೂ ಕಳೆಯುವದಿಲ್ಲ. ಅಂಥ ಪ್ರಕಟಣೆಯು ನಮ್ಮೂರ ಬಾಗಿಲಿಗೆ ಅಂಟಿದಾಗ ಗೃಹಸ್ಥರು ಹಿಂದಿನ ದಿನವೇ ಹೋಗಿ ಪಾಸುಬುಕ್ಕಿನಲ್ಲಿ ಬಾಕಿಯನ್ನು ನಮೂದಿಸಿಕೊಂಡು ಬರಲಿ.