ಕೌದಿಗೆ ಎಷ್ಟು ಕೈ ಬೇಕು?

ಮಹಾನಗರಗಳ ಕರಕುಶಲ ಮೇಳಗಳಲ್ಲಿ ಈಗ ಕೌದಿಗೂ ಒಂದು ಜಾಗ ಸಿಕ್ಕಿದೆ. ಅದಕ್ಕೆ ಕಟ್ಟಿದ ಚೀಟಿಯಲ್ಲಿ ಮರುಬಳಕೆ, ಪರಿಸರಸ್ನೇಹಿ, ಪರಂಪರೆ ಎಂಬ ಮಾತುಗಳಿರುತ್ತವೆ. ಧಾರವಾಡ, ಬಾಗಲಕೋಟೆ, ಬೆಳಗಾವಿ ಸೀಮೆಯ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಓದಿ ತುಸು ನಗು ಬಂದರೆ ಆಶ್ಚರ್ಯವಿಲ್ಲ. ಅವರ ಪಾಲಿಗೆ ಕೌದಿ ಎಂದರೆ ಹಾಸಿಗೆ, ಹೊದಿಕೆ, ಕೂಸಿನ ಕೆಳಗಿನ ಮೆತ್ತೆ, ಬಂದವರಿಗೆ ಪಡಸಾಲೆಯಲ್ಲಿ ಹಾಸುವ ಮರ್ಯಾದೆ. ಚೀಟಿಯ ಮಾತು ಸುಳ್ಳೇನಲ್ಲ. ಆದರೆ ಕೌದಿ ಒಬ್ಬರಿಂದ ಆಗುವ ಕೆಲಸವಲ್ಲ ಎಂಬ ಮುಖ್ಯ ಸಂಗತಿ ಅದರಲ್ಲಿ ಇರುವುದಿಲ್ಲ.

ಲೆಕ್ಕ ಹಾಕಿ ನೋಡಬಹುದು. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಸಾಧಾರಣ ಕೌದಿ. ಒಳಗೆ ನಾಲ್ಕೈದು ಪದರ ಹಳೆಯ ನೂಲಿನ ಸೀರೆ, ಧೋತರ. ಸಾಲಿನಿಂದ ಸಾಲಿಗೆ ಎರಡು ಸೆಂಟಿಮೀಟರ್ ಅಂತರ ಬಿಟ್ಟರೆ ಸುಮಾರು 60 ಸಾಲು, ಒಟ್ಟು 110 ಮೀಟರ್ ಹೊಲಿಗೆ. ಸೆಂಟಿಮೀಟರಿಗೆ ಒಂದರಂತೆ 11,000 ಸಲ ಸೂಜಿ ಆ ಪದರಗಳನ್ನು ದಾಟಬೇಕು. ಕೈ ಪಳಗಿದ ಹೆಂಗಸು ಗಂಟೆಗೆ ಐದು ಮೀಟರ್ ಹೊಲಿಯುತ್ತಾಳೆ ಎಂದುಕೊಂಡರೂ 22 ಗಂಟೆ ಆಯಿತು. ಅಡುಗೆ, ಹೊಲ, ದನಕರು, ಮಕ್ಕಳ ನಡುವೆ ಒಬ್ಬಳೇ ಕೂತರೆ ಅದು ತಿಂಗಳುಗಟ್ಟಲೆ ಮೂಲೆಯಲ್ಲಿ ಬಿದ್ದಿರುತ್ತದೆ. ನಾಲ್ವರು ನಾಲ್ಕು ಕಡೆ ಕೂತರೆ ಎರಡು ಮಧ್ಯಾಹ್ನದ ಕೆಲಸ.

ಆ ನಾಲ್ವರು ಓಣಿಯವರೇ. ಸುಗ್ಗಿ ಮುಗಿದ ಬಿಸಿಲುಗಾಲದಲ್ಲಿ ಇವಳ ಕೌದಿಗೆ ಅವಳು ಬರುತ್ತಾಳೆ, ಅವಳ ಕೌದಿಗೆ ಇವಳು ಹೋಗುತ್ತಾಳೆ. ಕನ್ನಡದಲ್ಲಿ ಇದಕ್ಕೆ ಮುಯ್ಯಿ ಎಂಬ ಮಾತಿದೆ. ಹೊಲದ ಕೆಲಸಕ್ಕೆ ಹೀಗೆ ಬರುವವರು ಮುಯ್ಯಾಳು. ಇಲ್ಲಿ ದುಡ್ಡು ಕೈ ಬದಲಾಗುವುದಿಲ್ಲ, ದುಡಿಮೆ ಬದಲಾಗುತ್ತದೆ. ಹೊಲಿಯುವಾಗ ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಗಂಡನ ಮನೆಯಲ್ಲಿ ಕಷ್ಟ ಎಂಬುದು ತಾನಾಗಿ ತಿಳಿಯುತ್ತದೆ. ಕೈಗೆ ಕೆಲಸವಿದ್ದಾಗ, ಕಣ್ಣು ಬಟ್ಟೆಯ ಮೇಲಿದ್ದಾಗ, ಮುಖ ನೋಡಿ ಹೇಳಲಾಗದ ಮಾತೂ ಹೊರಬರುತ್ತದೆ.

ಇದನ್ನೆಲ್ಲ ಸುವರ್ಣಯುಗವೆಂದು ಕೊಂಡಾಡಬೇಕಿಲ್ಲ. ಕಂಬಳಿ ಕೊಳ್ಳಲು ಆಗದ ಮನೆಯ ಚಳಿಗೆ ಕೌದಿ ಉತ್ತರವಾಗಿತ್ತು. ಹೆಂಗಸರ ಮಧ್ಯಾಹ್ನಕ್ಕೆ ಬೆಲೆಯಿಲ್ಲ ಎಂದು ಎಲ್ಲರೂ ಒಪ್ಪಿಕೊಂಡಿದ್ದರಿಂದಲೂ ಅದು ಅಗ್ಗವಾಗಿತ್ತು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಕೌದಿಯ ಮೂಲೆಗಳಿಗೆ ಬಟ್ಟೆಯ ತುಣುಕು ಮಡಚಿ ‘ಫೂಲ’ ಹೊಲಿಯುತ್ತಾರೆ. ಅದಿಲ್ಲದೆ ಅವರಿಗೆ ಕೌದಿ ಮುಗಿದಂತಲ್ಲ. ಬಡತನದ ಹೊದಿಕೆಗೂ ಅಂದ ಬೇಕು ಎಂದವರು ಅವರು. ಅವರ ಕೆಲಸ ಇಂದು ಮಾರುಕಟ್ಟೆಗೆ ಬಂದಿದ್ದರೆ ಅದು ಒಳ್ಳೆಯದೇ. ಕೊಳ್ಳುವವರು ಚೌಕಾಸಿಗೆ ಮೊದಲು ಆ 22 ಗಂಟೆಯನ್ನು ನೆನೆಯಬೇಕು. ತಮ್ಮ ಊರಿನಲ್ಲಿ ಒಂದು ಗಂಟೆಯ ಕೆಲಸಕ್ಕೆ ಎಷ್ಟು ಕೊಡುತ್ತಾರೋ ಅದನ್ನು 22ರಿಂದ ಗುಣಿಸಿದರೆ ಸಾಕು, ಯಾವ ಬೆಲೆ ನ್ಯಾಯದ್ದು ಎಂದು ತಿಳಿಯುತ್ತದೆ.

ಇನ್ನು ನಗರದ ಮಾತು. ಪುಣೆ, ಮುಂಬಯಿಯ ಫ್ಲ್ಯಾಟುಗಳ ಕಪಾಟಿನಲ್ಲಿ ಹಳೆಯ ಬಟ್ಟೆಗೆ ಕೊರತೆಯಿಲ್ಲ. ಉಡಲೂ ಆಗದ, ಬಿಸಾಡಲೂ ಮನಸ್ಸಾಗದ ಅವ್ವನ ಇಳಕಲ್ ಸೀರೆ ಎಷ್ಟೋ ಮನೆಗಳಲ್ಲಿದೆ. ಕೊರತೆ ಇರುವುದು ನೆಲಕ್ಕೆ, ನಾಲ್ವರು ಸುತ್ತ ಕೂರುವಷ್ಟು ನೆಲಕ್ಕೆ. ಓಣಿಯ ಕಟ್ಟೆ ಹೋಗಿ ಕಾರಿಡಾರ್ ಬಂತು. ಅಲ್ಲಿ ಏನನ್ನೂ ಹರಡಬಾರದು, ಬೆಂಕಿಯ ಭಯಕ್ಕೆ ಆ ನಿಯಮ ಸರಿಯೇ. ಕ್ಲಬ್‌ಹೌಸ್ ಇದ್ದರೂ ಅದು ಹುಟ್ಟುಹಬ್ಬಕ್ಕೆ, ಸಭೆಗೆ. ತಿಂಗಳಿಗೆ ಎರಡು ಮಧ್ಯಾಹ್ನ ಅದನ್ನು ಹೊಲಿಗೆಗೆ ಬಿಡಿ ಎಂದು ಸೊಸೈಟಿಯನ್ನು ಕೇಳುವುದರಲ್ಲಿ ತಪ್ಪೇನಿದೆ? ಸ್ವಂತ ಸಭಾಂಗಣವಿರುವ ಕನ್ನಡ ಸಂಘಗಳೂ ನವೆಂಬರಿನ ವೇದಿಕೆಯ ಜೊತೆಗೆ ಒಂದು ಜಮಖಾನೆ ಹಾಸಬಹುದು.

ಕಲಿಸುವವರನ್ನು ಹುಡುಕಲು ಊರಿಗೆ ಹೋಗಬೇಕಿಲ್ಲ. ಮರಾಠಿಯಲ್ಲಿ ಇದು ಗೋಧಡಿ, ತೆಲುಗಿನಲ್ಲಿ ಬೊಂತ, ಬಂಗಾಳಿಯಲ್ಲಿ ಕಾಂಥಾ. ಅದೇ ಕಟ್ಟಡಕ್ಕೆ ಕಸ ಗುಡಿಸಲು, ಪಾತ್ರೆ ತೊಳೆಯಲು ಬರುವ ಹೆಂಗಸಿಗೆ ಈ ಹೊಲಿಗೆ ಅಲ್ಲಿರುವ ಎಲ್ಲರಿಗಿಂತ ಚೆನ್ನಾಗಿ ಬರುತ್ತಿರಬಹುದು. ಅವಳನ್ನು ಯಾರೂ ಕೇಳಿರುವುದಿಲ್ಲ, ಅಷ್ಟೇ. ಅವಳನ್ನು ಗುರುವಾಗಿ ಕರೆದು, ಕಲಿಸುವವರಿಗೆ ಕೊಡುವ ಸಂಬಳವನ್ನೇ ಕೊಟ್ಟು, ಜಮಖಾನೆಯ ಮೇಲೆ ಸರಿಸಮನಾಗಿ ಕೂರಿಸಿದರೆ ಕಟ್ಟಡದ ಬದುಕಿನಲ್ಲಿ ಏನೋ ಒಂದು ಬದಲಾಗುತ್ತದೆ. ಅದನ್ನು ಮಾಡಲಾಗದ ನೆರೆಹೊರೆ ಕೌದಿಯನ್ನು ಪರಂಪರೆ ಎಂದು ಕರೆದು ಗೋಡೆಗೆ ತೂಗುಹಾಕಿದರೆ ಪ್ರಯೋಜನವಿಲ್ಲ.

ಹಲವರು ಸೇರಿ ಹೊಲಿದ ಕೌದಿಯನ್ನು ಮಗುಚಿ ನೋಡಿದರೆ ಹೊಲಿಗೆಗಳು ಒಂದೇ ತೆರನಾಗಿರುವುದಿಲ್ಲ. ಒಂದು ಕಡೆ ಸಣ್ಣ, ಒತ್ತೊತ್ತು. ಇನ್ನೊಂದು ಕಡೆ ಉದ್ದ, ಸಡಿಲ. ಯಾವ ಮೂಲೆಯಲ್ಲಿ ಯಾರು ಕೂತಿದ್ದರು ಎಂದು ಮನೆಯವರು ಗುರುತು ಹಿಡಿಯುತ್ತಾರೆ. ನಗರದ ಕೌದಿಯ ಹಿಂಬದಿಯಲ್ಲೂ ಅಂಥ ನಾಲ್ಕು ಕೈಗಳ ಗುರುತು ಇರಬೇಕು.