ಜೋಕು ತಕ್ಕಡಿಯಲ್ಲ

ಈ ಬರಹವನ್ನು ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಬೇಕಾಗಿದೆ. 2022ರ ಜುಲೈ. ರಾಷ್ಟ್ರಪತಿ ಚುನಾವಣೆಗೆ ನಾಲ್ಕೈದು ದಿನ ಬಾಕಿ. ದಾವಣಗೆರೆಯ ನಮ್ಮ ಮನೆಯಲ್ಲಿ ಬೆಳಗಿನ ಲಿಂಗಪೂಜೆ ಮುಗಿಸಿ, ಚಹಾ ಲೋಟದ ಜೊತೆ ಮೊಬೈಲ್ ಹಿಡಿದು ಕೂತಿದ್ದೆ. ದ್ರೌಪದಿ ಮುರ್ಮು ಅವರ ಮೇಲೆ ಒಂದು ಜೋಕು ಬಂತು. ಅದನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಒಂದು ಕಾಡು, ಒಬ್ಬ ಹೆಂಗಸು, ಒಂದು ರಬ್ಬರ್ ಸ್ಟ್ಯಾಂಪು ಅದರಲ್ಲಿದ್ದವು ಎಂದರೆ ಉಳಿದದ್ದನ್ನು ನೀವೇ ಊಹಿಸಬಲ್ಲಿರಿ. ನಕ್ಕೆ. ನಕ್ಕು, ನಮ್ಮ ನಿವೃತ್ತ ಎಂಜಿನಿಯರುಗಳ ವಾಟ್ಸ್‌ಆ್ಯಪ್ ಗುಂಪಿಗೆ ದಾಟಿಸಿದೆ. ಹೆಬ್ಬೆರಳಿನ ಎರಡು ಒತ್ತಿಗೆ ಕೆಲಸ ಮುಗಿಯಿತು.

ಆ ಗುಂಪಿನಲ್ಲಿ ಹರಿಹರದ ನನ್ನ ಹಳೆಯ ಸಹೋದ್ಯೋಗಿಯೊಬ್ಬರಿದ್ದಾರೆ. ಭದ್ರಾ ನಾಲೆಯ ಮೇಲೆ ಒಂದೇ ಜೀಪಿನಲ್ಲಿ ವರ್ಷಗಟ್ಟಲೆ ಓಡಾಡಿದವರು ನಾವು. ಬೇಸಿಗೆಯಲ್ಲಿ ಕೊನೆಭಾಗದ ರೈತರ ಬೈಗುಳವನ್ನು ಹಂಚಿಕೊಂಡು ತಿಂದವರು, ನನ್ನ ಮನೆಯ ರೊಟ್ಟಿ ಅವರಿಗೆ, ಅವರ ಮನೆಯ ಮುದ್ದೆ ನನಗೆ. ಅವರು ನಾಯಕ ಸಮಾಜದವರು. ಗುಂಪಿನಲ್ಲಿ ಏನೂ ಬರೆಯಲಿಲ್ಲ. ಸಂಜೆ ಫೋನು ಮಾಡಿದರು.

"ಆಯಮ್ಮ ನಮ್ಮ ಇಲಾಖೆಯಲ್ಲೇ ಕೆಲಸ ಮಾಡಿದ್ದು ಗೊತ್ತೇನ್ರಿ ನಿಮಗೆ?" ಎಂದರು.

ಗೊತ್ತಿರಲಿಲ್ಲ. ಒಡಿಶಾದ ನೀರಾವರಿ ಮತ್ತು ವಿದ್ಯುತ್ ಇಲಾಖೆಯಲ್ಲಿ 1979ರಿಂದ 1983ರವರೆಗೆ ಕಿರಿಯ ಸಹಾಯಕಿಯಾಗಿದ್ದರಂತೆ. ನಮ್ಮ ಕಚೇರಿಗಳಲ್ಲಿ ಫೈಲು ಹೊತ್ತು ನಮ್ಮ ಮೇಜಿಗೆ ತರುತ್ತಿದ್ದವರ ಹುದ್ದೆ ಅದು. ನಾನು ಏನೋ ತಡವರಿಸಿದೆ. ಅವರು, "ಇಷ್ಟು ವರ್ಷ ನಿಮ್ಮ ಡಬ್ಬಿಯಲ್ಲಿ ಉಂಡೆ. ನಮ್ಮವರನ್ನ ನೋಡಿದಾಗ ನಿಮಗೆ ಕಾಡು ಕಾಣುತ್ತೆ ಅಂತ ಇವತ್ತು ಗೊತ್ತಾಯ್ತು" ಎಂದು ಫೋನು ಇಟ್ಟರು.

ಆ ರಾತ್ರಿ ನಿದ್ದೆ ಬರಲಿಲ್ಲ. ಮಠದ ವೇದಿಕೆಯಲ್ಲಿ ಕೂತು ಹುಟ್ಟಿನಿಂದ ಯಾರೂ ಕೀಳಲ್ಲ ಎಂದು ಭಾಷಣ ಮಾಡಿದವನು ನಾನು. ಹರಿಹರ ತಾಲ್ಲೂಕಿನಲ್ಲೇ ರಾಜನಹಳ್ಳಿಯ ವಾಲ್ಮೀಕಿ ಗುರುಪೀಠವಿದೆ. ಅಲ್ಲಿಯ ಜಾತ್ರೆಗೆ ಅತಿಥಿಯಾಗಿ ಹೋಗಿ ಶಾಲು ಹೊದಿಸಿಕೊಂಡು ಬಂದವನು. ಆ ಶಾಲು ಹೆಗಲ ಮೇಲಷ್ಟೇ ಇತ್ತು.

ಮರುದಿನ, ಸೇವೆಯಲ್ಲಿದ್ದಾಗ ಟೆಂಡರುಗಳಿಗೆ ಮಾಡುತ್ತಿದ್ದಂತೆ, ಒಂದು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೊಬ್ಬರು ಬಲಕ್ಕೊಬ್ಬರು ಎಂದು ಇಬ್ಬರು ಅಭ್ಯರ್ಥಿಗಳ ವಿವರ ಬರೆದೆ. ಮುರ್ಮು: ರಾಯರಂಗಪುರದಲ್ಲಿ ಗೌರವ ಶಿಕ್ಷಕಿ, 1997ರಲ್ಲಿ ಪಟ್ಟಣ ಪಂಚಾಯ್ತಿಯ ಸದಸ್ಯೆ, ಎರಡು ಸಲ ಶಾಸಕಿ, ಒಡಿಶಾದ ಸಚಿವೆ, 2015ರಿಂದ 2021ರವರೆಗೆ ಜಾರ್ಖಂಡಿನ ರಾಜ್ಯಪಾಲರು. ಯಶವಂತ ಸಿನ್ಹಾ: ಇಪ್ಪತ್ತನಾಲ್ಕು ವರ್ಷ ಐ.ಎ.ಎಸ್. ಅಧಿಕಾರಿ, ಹಣಕಾಸು ಮಂತ್ರಿ, ವಿದೇಶಾಂಗ ಮಂತ್ರಿ. ಸಂಜೆ ಐದಕ್ಕೆ ಮಂಡನೆಯಾಗುತ್ತಿದ್ದ ಕೇಂದ್ರ ಬಜೆಟ್ಟನ್ನು 1999ರಲ್ಲಿ ಬೆಳಗಿನ ಹನ್ನೊಂದಕ್ಕೆ ತಂದವರು. 2018ರಲ್ಲಿ ತಮ್ಮ ಪಕ್ಷವನ್ನೇ ಬಿಟ್ಟು ಹೊರಬಂದವರು.

ಬರೆಯುತ್ತಾ ಹೋದಾಗ ಒಂದು ಸಂಗತಿಯ ಮೇಲೆ ಪೆನ್ನು ನಿಂತಿತು. ಜಾರ್ಖಂಡಿನ ಸರ್ಕಾರ ಬುಡಕಟ್ಟು ಜನರ ಭೂಮಿಗೆ ರಕ್ಷಣೆ ಕೊಡುವ ಎರಡು ಹಳೆಯ ಗೇಣಿ ಕಾಯ್ದೆಗಳನ್ನು ತಿದ್ದುವ ಮಸೂದೆಗಳನ್ನು ಪಾಸು ಮಾಡಿಸಿತ್ತು. ಜನ ಬೀದಿಗಿಳಿದಿದ್ದರು. ಸರ್ಕಾರ ನಡೆಸುತ್ತಿದ್ದದ್ದು ಮುರ್ಮು ಅವರು ಬೆಳೆದು ಬಂದ ಪಕ್ಷವೇ. 2017ರಲ್ಲಿ ರಾಜ್ಯಪಾಲರಾಗಿ ಅವರು ಆ ಮಸೂದೆಗಳಿಗೆ ಸಹಿ ಹಾಕದೆ ವಾಪಸು ಕಳಿಸಿದರು. ರಬ್ಬರ್ ಸ್ಟ್ಯಾಂಪು ಎಂದು ನಾನು ನಕ್ಕದ್ದು ಇಂಥವರನ್ನು ನೋಡಿ!

ಒಂದು ಮಾತು ಪ್ರಾಮಾಣಿಕವಾಗಿ ಹೇಳುತ್ತೇನೆ. ಇಷ್ಟೆಲ್ಲ ಓದಿದ ಮೇಲೂ ನನ್ನ ಒಲವು ಬದಲಾಗಲಿಲ್ಲ. ಅದು ಸಿನ್ಹಾ ಅವರ ಕಡೆಗೇ ಇತ್ತು. ಆದರೆ ಒಲವಿಗೆ ಕಾರಣ ಏನೆಂದು ಆ ಹಾಳೆ ಮುಗಿಯುವವರೆಗೆ ನನಗೇ ಗೊತ್ತಿರಲಿಲ್ಲ. ಅಲ್ಲಿಯವರೆಗೆ ಜೋಕೇ ನನ್ನ ಕಾರಣವಾಗಿತ್ತು. ಜೋಕು ಮಾಡುವ ದೊಡ್ಡ ಅನಾಹುತ ಇದೇ. ಅದು ಎದುರಾಳಿಯನ್ನು ನೋಯಿಸುವುದಷ್ಟೇ ಆಗಿದ್ದರೆ ಒಂದು ಲೆಕ್ಕ. ಅದು ನಮ್ಮ ತೂಗುವ ಕೆಲಸವನ್ನೇ ತಪ್ಪಿಸಿಬಿಡುತ್ತದೆ. ನಕ್ಕ ಮೇಲೆ, ನಿರ್ಧಾರ ಆಗಿಹೋಯಿತು ಎಂಬ ಭ್ರಮೆ ಹುಟ್ಟುತ್ತದೆ.

ಹಾಗಾದರೆ ದೊಡ್ಡವರನ್ನು ನೋಡಿ ನಗಲೇಬಾರದೇ? ಖಂಡಿತ ನಗಬೇಕು. 1975ರ ತುರ್ತು ಪರಿಸ್ಥಿತಿಯ ಕಾಲದಲ್ಲಿ ಅಬು ಅಬ್ರಹಾಂ ಬರೆದ ವ್ಯಂಗ್ಯಚಿತ್ರ ಅನೇಕರಿಗೆ ನೆನಪಿರಬಹುದು. ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಸ್ನಾನದ ತೊಟ್ಟಿಯಲ್ಲಿ ಕೂತಲ್ಲಿಂದಲೇ ಸುಗ್ರೀವಾಜ್ಞೆಗೆ ಸಹಿ ಹಾಕಿ ಕೊಡುತ್ತಿದ್ದಾರೆ. ಅದರಲ್ಲಿ ಅವರ ಧರ್ಮದ ಮೇಲೆ, ಹುಟ್ಟಿನ ಮೇಲೆ ಒಂದು ಗೆರೆಯೂ ಇಲ್ಲ. ಓದದೆ ಸಹಿ ಹಾಕುವ ಕೆಲಸದ ಮೇಲಷ್ಟೇ ಏಟು. ಹಾಗೆಯೇ ಸಿನ್ಹಾ ಅವರು ಹಣಕಾಸು ಮಂತ್ರಿಯಾಗಿ ಬಜೆಟ್ಟಿನಲ್ಲಿ ಹೇರಿದ್ದನ್ನು ಒತ್ತಡ ಬಂದಾಗ ವಾಪಸು ಪಡೆದದ್ದಕ್ಕೆ 'ರೋಲ್‌ಬ್ಯಾಕ್ ಸಿನ್ಹಾ' ಎಂಬ ಅಡ್ಡಹೆಸರು ಬಿದ್ದಿತ್ತು. ಅದೂ ಮಾಡಿದ ಕೆಲಸದ ಮೇಲಿನ ನಗೆ. ಇಂಥ ನಗೆ ಓದುಗನ ಕೈಗೆ ಒಂದು ವಿಷಯ ಕೊಡುತ್ತದೆ: ಹೌದೇ, ಹೀಗೆ ಮಾಡಿದರೇ ಎಂದು ವಿಚಾರಿಸಬಹುದು. ತಪ್ಪಿದ್ದರೆ ಜೋಕು ಬಿದ್ದುಹೋಗುತ್ತದೆ.

ಹುಟ್ಟಿನ ಮೇಲಿನ ಜೋಕಿನಲ್ಲಿ ವಿಚಾರಿಸಲು ಏನೂ ಇರುವುದಿಲ್ಲ. ಮುರ್ಮು ಅವರ ಹೆಸರನ್ನೇ ಹಿಡಿದು, ದ್ರೌಪದಿಯಾದರೆ ಪಾಂಡವರು ಯಾರು ಎಂದು ಚಿತ್ರ ನಿರ್ದೇಶಕರೊಬ್ಬರು ಕೇಳಿದರು. ಪ್ರಮಾಣವಚನವಾಗಿ ಒಂದು ವಾರವೂ ಕಳೆದಿರಲಿಲ್ಲ, ಲೋಕಸಭೆಯ ವಿರೋಧ ಪಕ್ಷದ ನಾಯಕರೊಬ್ಬರ ಬಾಯಲ್ಲಿ 'ರಾಷ್ಟ್ರಪತ್ನಿ' ಎಂಬ ಮಾತು ಬಂತು. ಬಾಯಿ ತಪ್ಪಿತೆಂದು ಅವರು ಪತ್ರ ಬರೆದು ಕ್ಷಮೆ ಕೇಳಿದರು. ಅದೇ ನವೆಂಬರಿನಲ್ಲಿ ಪಶ್ಚಿಮ ಬಂಗಾಳದ ಸಚಿವರೊಬ್ಬರು ಅವರ ರೂಪದ ಬಗ್ಗೆ ಆಡಿದ ಮಾತಿಗೆ ಮುಖ್ಯಮಂತ್ರಿ ಮಮತಾ ಬ್ಯಾನರ್ಜಿ ಕ್ಷಮೆ ಕೋರಬೇಕಾಯಿತು. ಇನ್ನೊಂದು ಪಾಳೆಯದವರು ಸಾಚಾ ಎಂದು ತಿಳಿಯಬೇಡಿ. ನಮ್ಮ ಗುಂಪಿನಲ್ಲೇ ಸಿನ್ಹಾ ಅವರ ವಯಸ್ಸಿನ ಮೇಲೆ ಹರಿದಾಡಿದ್ದು ಕಡಿಮೆಯೇನಲ್ಲ, ಅದೂ ಎಪ್ಪತ್ತು ಸಮೀಪಿಸುತ್ತಿರುವ ನಮ್ಮಂಥವರಿಂದ!

ನಗೆ ಒಂದು ಮೆಟ್ಟಿಲು ಕೆಳಗಿಳಿದರೆ ಏನಾಗುತ್ತದೆ ಎಂಬುದಕ್ಕೆ 1969ರ ರಾಷ್ಟ್ರಪತಿ ಚುನಾವಣೆ ಸಾಕ್ಷಿ. ಆಗ ಕಾಂಗ್ರೆಸ್ಸಿನ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು, ಹಲುವಾಗಲಿನಲ್ಲಿ ಹುಟ್ಟಿ, ದಾವಣಗೆರೆ, ಚಿತ್ರದುರ್ಗಗಳಲ್ಲಿ ಓದಿದವರು. ಪಕ್ಷದ ಅಧಿಕೃತ ಅಭ್ಯರ್ಥಿ ನೀಲಂ ಸಂಜೀವ ರೆಡ್ಡಿ. ಎದುರಿಗೆ ವಿ.ವಿ. ಗಿರಿ. ಮತದಾನಕ್ಕೆ ಮುಂಚೆ ರೆಡ್ಡಿಯವರ ಚಾರಿತ್ರ್ಯದ ಮೇಲೆ ಹೊಲಸು ಬರೆದ ಕರಪತ್ರವೊಂದು ಸಂಸದರ ನಡುವೆ ಹರಿದಾಡಿತು. ಕೊನೆಯ ಎಣಿಕೆಯಲ್ಲಿ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ಸ್ವತಃ ರಾಷ್ಟ್ರಪತಿಯೇ ಬಂದು ಸಾಕ್ಷಿ ನುಡಿಯಬೇಕಾಯಿತು. 1970ರಲ್ಲಿ ಅರ್ಜಿ ವಜಾ ಆಯಿತು. ಅದೇ ರೆಡ್ಡಿಯವರು 1977ರಲ್ಲಿ ಅವಿರೋಧವಾಗಿ ರಾಷ್ಟ್ರಪತಿಯಾದರು. ಆ ಕರಪತ್ರವನ್ನು ಓದಿ ಮುಸಿಮುಸಿ ನಕ್ಕವರು ಎಷ್ಟು ಜನರೋ! ನಕ್ಕವರ ಹೆಸರು ಯಾವ ಕೋರ್ಟಿನ ದಾಖಲೆಯಲ್ಲೂ ಬರುವುದಿಲ್ಲ. ದಾಟಿಸುವವರ ಅನುಕೂಲವೇ ಅದು.

ಇಲ್ಲಿ ನಮ್ಮ ಸರ್ವೆ ಕೆಲಸದ ಒಂದು ಪರೀಕ್ಷೆಯನ್ನು ಹೇಳಬೇಕು. ನಾಲೆಯ ಏರುತಗ್ಗು ಅಳೆಯುವ ಡಂಪಿ ಲೆವೆಲ್ ಸರಿಯಿದೆಯೇ ಎಂದು ತಿಳಿಯಲು ನೆಲದಲ್ಲಿ ಎರಡು ಗೂಟ ಹೊಡೆಯುತ್ತೇವೆ. ಮೊದಲು ಎರಡರ ಸರಿಯಾದ ನಡುವೆ ಉಪಕರಣ ನಿಲ್ಲಿಸಿ, ಎರಡೂ ಗೂಟಗಳ ಮೇಲಿಟ್ಟ ಪಟ್ಟಿಯನ್ನು ಓದುತ್ತೇವೆ. ಆಮೇಲೆ ಅದನ್ನು ಒಂದು ಗೂಟದ ಪಕ್ಕಕ್ಕೆ ಒಯ್ದು ಮತ್ತೆ ಓದುತ್ತೇವೆ. ಎರಡು ಸಲವೂ ಗೂಟಗಳ ವ್ಯತ್ಯಾಸ ಒಂದೇ ಬಂದರೆ ಉಪಕರಣ ನೆಟ್ಟಗಿದೆ. ಬೇರೆ ಬಂದರೆ ಅದರ ಕಣ್ಣು ಓರೆಯಾಗಿದೆ. ಸ್ವಾರಸ್ಯ ಇರುವುದು ಇಲ್ಲಿ: ಉಪಕರಣ ಓರೆಯಾಗಿದ್ದರೂ ನಡುವೆ ನಿಲ್ಲಿಸಿದಾಗ ಅದು ವ್ಯತ್ಯಾಸವನ್ನು ಸರಿಯಾಗೇ ತೋರಿಸುತ್ತದೆ, ಏಕೆಂದರೆ ದೋಷ ಎರಡೂ ಕಡೆಗೆ ಸಮನಾಗಿ ಬೀಳುತ್ತದೆ. ಒಂದು ಗೂಟಕ್ಕೆ ಅಂಟಿಕೊಂಡಾಗಲೇ ಅದು ಸುಳ್ಳು ಹೇಳುವುದು.

ಜೋಕನ್ನೂ ಹೀಗೆ ಪರೀಕ್ಷಿಸಬಹುದು. ನಮ್ಮ ಕಡೆಯ ಗೂಟದ ಮೇಲಿಟ್ಟು ಓದಿ ನೋಡೋಣ. ಬಸವ ಸಮಿತಿಯನ್ನು 1964ರಲ್ಲಿ ಕಟ್ಟಿದ ಬಿ.ಡಿ. ಜತ್ತಿಯವರು 1977ರ ಫೆಬ್ರವರಿಯಿಂದ ಜುಲೈವರೆಗೆ ಹಂಗಾಮಿ ರಾಷ್ಟ್ರಪತಿಯಾಗಿದ್ದರು. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜಿಸುವ ಆದೇಶಕ್ಕೆ ಸಹಿ ಹಾಕಲು ಏಪ್ರಿಲ್‌ನಲ್ಲಿ ಹಿಂದೇಟು ಹಾಕಿದರು, ಟೀಕೆ ಬಂತು, ಕೊನೆಗೆ ಸಹಿ ಹಾಕಿದರು. ತಡ ಮಾಡಿದ್ದು ಸರಿಯೇ, ಸಹಿ ಹಾಕಿದ್ದು ಸರಿಯೇ ಎಂದು ಯಾರಾದರೂ ಗೇಲಿ ಮಾಡಿದರೆ ನಾವು ವಾದಕ್ಕೆ ಕೂರಬಹುದು. ಅದರ ಬದಲು ಅವರ ಹಣೆಯ ವಿಭೂತಿಯ ಮೇಲೆ, ಕೊರಳ ಲಿಂಗದ ಮೇಲೆ ಜೋಕು ಮಾಡಿದ್ದರೆ? ಮರುದಿನವೇ ನಾವೆಲ್ಲ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಮನವಿಪತ್ರ ಹಿಡಿದು ನಿಂತಿರುತ್ತಿದ್ದೆವು. ವಿಭೂತಿಯ ಮೇಲೆ ಆಗದ ಜೋಕು ಸಂತಾಲ ಹೆಣ್ಣುಮಗಳ ಕಾಡಿನ ಮೇಲೆ ಹೇಗೆ ಆದೀತು? ಓರೆ ಇರುವುದು ನಮ್ಮ ಕಣ್ಣಲ್ಲೇ.

ಬಸವಾದಿ ಶರಣರು ನಗೆಯನ್ನು ಹೊರಗಿಟ್ಟವರಲ್ಲ. ಹರಿಹರದಿಂದ ಕೆಳಗೆ ತುಂಗಭದ್ರೆಯ ದಡದಲ್ಲೇ ಚೌಡಯ್ಯದಾನಪುರವಿದೆ. ಅಂಬಿಗರ ಚೌಡಯ್ಯನವರ ನಾಲಗೆಯಷ್ಟು ಹರಿತವಾದದ್ದು ನಮ್ಮ ಪರಂಪರೆಯಲ್ಲಿ ವಿರಳ. ಆದರೆ ಆ ಏಟು ಬಿದ್ದದ್ದು ಹೆಚ್ಚಾಗಿ ವೇಷಧಾರಿ ಭಕ್ತರ ಮೇಲೆ, ಅಂದರೆ ನಮ್ಮ ಮೇಲೆಯೇ. ಅನುಭವ ಮಂಟಪದ ಶೂನ್ಯಪೀಠದ ಅಧ್ಯಕ್ಷರಾಗಿದ್ದ ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಎಷ್ಟು ಕಠಿಣವಾಗಿ ಕೆಣಕಿ ಕೇಳಿದರೆಂದು ಶೂನ್ಯಸಂಪಾದನೆ ಓದಿದವರಿಗೆ ಗೊತ್ತು. ಆದರೆ ಕೇಳಿದ್ದು ಎದುರಿಗೆ ಕೂರಿಸಿಕೊಂಡು. ಉತ್ತರಕ್ಕೆ ಅವಕಾಶ ಕೊಟ್ಟರು. ಉತ್ತರ ಬಂದಾಗ ತುಂಬಿದ ಸಭೆಯಲ್ಲಿ ತಲೆಬಾಗಿದರು. ಒಬ್ಬರನ್ನು ತೂಗುವುದೆಂದರೆ ಅದು. ಉತ್ತರಿಸಲಾಗದ ಜಾಗದಲ್ಲಿ, ಉತ್ತರವೇ ಇಲ್ಲದ ವಿಷಯಕ್ಕೆ, ಬೆನ್ನ ಹಿಂದೆ ನಗುವುದಕ್ಕೆ ನಮ್ಮಲ್ಲಿ ಪರನಿಂದೆ ಎಂಬ ಹಳೆಯ ಹೆಸರಿದೆ.

"ರಾಷ್ಟ್ರಪತಿಗೆ ನಾವೇನು ಓಟು ಹಾಕುತ್ತೇವಾ? ನಮ್ಮ ನಗುವಿನಿಂದ ಏನಾದೀತು?" ಎಂದು ಗುಂಪಿನ ಒಬ್ಬರು ವಾದಿಸಿದರು. ಲೆಕ್ಕ ಅವರು ಹೇಳಿದಂತೆಯೇ ಇದೆ. ಓಟು ಹಾಕುವವರು ಸಂಸದರು ಮತ್ತು ಶಾಸಕರು. ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131. ದಾವಣಗೆರೆ ಜಿಲ್ಲೆಯ ಏಳು ಶಾಸಕರದ್ದು ಸೇರಿದರೆ 917. ಮುರ್ಮು ಅವರು 6,76,803 ಪಡೆದು ಗೆದ್ದ ಚುನಾವಣೆಯಲ್ಲಿ ಇದು ಹನಿ ನೀರು. ಆದರೆ ನಾವು ಓಟು ಹಾಕದ ಚುನಾವಣೆಯಲ್ಲೇ ನಮ್ಮ ಅಭ್ಯಾಸ ತಯಾರಾಗುತ್ತದೆ. ಅದೇ ಹೆಬ್ಬೆರಳು ನಾಳೆ ಸಮಾಜದ ಮಹಾಸಭೆಯ ಚುನಾವಣೆಯಲ್ಲಿ, ಸಹಕಾರಿ ಬ್ಯಾಂಕಿನದ್ದರಲ್ಲಿ, ಗ್ರಾಮ ಪಂಚಾಯ್ತಿಯದ್ದರಲ್ಲಿ ಕೆಲಸ ಮಾಡುತ್ತದೆ. ಅಲ್ಲಿ ಗುರಿಯಾಗುವುದು ಒಳಪಂಗಡ. ಅವರು ಯಾರ ಪೈಕಿ, ಯಾವ ಮಠದ ಕಡೆ, ಅವರ ಮನೆಯಲ್ಲಿ ಏನು ಕಾಯಕ ಮಾಡುತ್ತಿದ್ದರು ಎಂದು ಪಿಸುಗುಟ್ಟಿ ನಗುವುದನ್ನು ನಾವು ಕೇಳಿಲ್ಲವೇ? ಲೆಕ್ಕಪತ್ರ ಇಟ್ಟಿದ್ದಾರೆಯೇ, ಹಾಸ್ಟೆಲ್ ನಡೆಸಿದ್ದಾರೆಯೇ ಎಂದು ಕೇಳುವವರು ಎಷ್ಟು ಮಂದಿ?

2027ರಲ್ಲಿ ಮತ್ತೆ ರಾಷ್ಟ್ರಪತಿ ಚುನಾವಣೆ ಬರುತ್ತದೆ. ಜೋಕುಗಳೂ ಬರುತ್ತವೆ. ನಾನು ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಇದು ಅವರು ಮಾಡಿದ್ದರ ಮೇಲಿದೆಯೋ, ಹುಟ್ಟಿದ್ದರ ಮೇಲಿದೆಯೋ? ನಮ್ಮವರ ಮೇಲೆ ಬಂದಿದ್ದರೆ ನಗುತ್ತಿದ್ದೆನೋ? ಅವರು ಪಕ್ಕದಲ್ಲೇ ಪ್ರಸಾದಕ್ಕೆ ಕೂತಿದ್ದರೆ ಇದನ್ನು ಓದಿ ಹೇಳುತ್ತಿದ್ದೆನೋ? ಮೂರರಲ್ಲೂ ಪಾಸಾದದ್ದಿದ್ದರೆ ಧಾರಾಳವಾಗಿ ನಗುತ್ತೇನೆ. ಅಂಥವು ವಾರಕ್ಕೊಂದು ಸಿಕ್ಕರೆ ಹೆಚ್ಚು.

ಆ ಜುಲೈನಲ್ಲೇ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಗೆಳೆಯರು ಒಳಗೆ ಕರೆದರು, ಚಹಾ ಕೊಟ್ಟರು. ತಪ್ಪಾಯಿತು ಎಂದೆ. "ನನಗೆ ಹೇಳಿದ್ರಿ, ಸರಿ. ಜೋಕು ಹೋದದ್ದು ಗುಂಪಿಗಲ್ಲವೇನ್ರಿ?" ಎಂದರು. ಅಲ್ಲೇ ಅವರ ಜಗುಲಿಯಲ್ಲಿ ಕೂತು, ನಾನು ಕಳಿಸಿದ್ದು ತಪ್ಪು, ಏಕೆ ತಪ್ಪು ಎಂದು ಗುಂಪಿಗೆ ಬರೆದೆ. ಇಬ್ಬರು ಗುಂಪು ಬಿಟ್ಟರು. ಒಬ್ಬರು ಕೈಮುಗಿದ ಚಿತ್ರ ಹಾಕಿದರು. ಉಳಿದವರು ಸುಮ್ಮನಿದ್ದರು.

ಈಗಲೂ ನಾವಿಬ್ಬರು ಮಾತಾಡುತ್ತೇವೆ. ಮೊದಲಿನಷ್ಟು ಸಲೀಸಾಗಿ ಮಾತು ಬರುವುದಿಲ್ಲ, ನಿಜ. ಹೋದ ಶ್ರಾವಣದ ಪ್ರವಚನಕ್ಕೆ ಅವರು ದಾವಣಗೆರೆಗೆ ಬಂದಿದ್ದರು. ದಾಸೋಹದ ಪಂಕ್ತಿಯಲ್ಲಿ ನನ್ನ ಪಕ್ಕ ಜಾಗ ಖಾಲಿಯಿತ್ತು. ಒಂದು ಕ್ಷಣ ನಿಂತು ನೋಡಿ, ಬಂದು ಕೂತರು.