ನುಣ್ಣಗಾದಷ್ಟೂ ಬೇಗ

ಬೆಂಗಳೂರಿನ ಯಾವುದೇ ದೊಡ್ಡ ಪಾರ್ಕಿನ ಗೇಟಿಗೆ ಬೆಳಿಗ್ಗೆ ಆರೂವರೆಗೆ ಹೋಗಿ ನೋಡಿ, ತಳ್ಳುಗಾಡಿಗಳ ಮೇಲೆ ಅರ್ಧ ಆಯುರ್ವೇದ ಹರಡಿಕೊಂಡಿರುತ್ತದೆ. ಹಾಗಲಕಾಯಿ ರಸ, ಬೇವಿನ ರಸ, ನೆಲ್ಲಿಕಾಯಿ ರಸ, ಮೊಳಕೆ ಕಾಳು, ಪಕ್ಕದಲ್ಲೊಂದು ಸ್ಟೀಲ್ ಕ್ಯಾನಿನಲ್ಲಿ ಬಿಸಿಬಿಸಿ ರಾಗಿ ಮಾಲ್ಟ್. ವಾಕಿಂಗ್ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಬಂದವರು ಮೊದಲು ಕಣ್ಣು ಮುಚ್ಚಿ ಹಾಗಲಕಾಯಿ ರಸ ಗುಟುಕರಿಸುತ್ತಾರೆ. ಆಮೇಲೆ ಬಾಯಿಯ ಕಹಿ ಹೋಗಲೆಂದು ಒಂದು ಲೋಟ ಮಾಲ್ಟ್. ‘ಸಕ್ಕರೆ ಹಾಕಿದೀಯೇನಪ್ಪಾ?’ ಎಂದು ಹಿರಿಯರೊಬ್ಬರು ವಿಚಾರಿಸಿದರು. ‘ಅಯ್ಯೋ, ಇಲ್ಲ ಸಾರ್, ಬರೀ ಬೆಲ್ಲ.’ ಅವರು ನೆಮ್ಮದಿಯಾಗಿ ಕುಡಿದು ಲೋಟ ಕೆಳಗಿಟ್ಟರು.

ಬೆಲ್ಲದಲ್ಲಿರುವುದೂ ಬಹುಪಾಲು ಸಕ್ಕರೆಯೇ ಎಂಬ ಮಾತು ಹಾಗಿರಲಿ. ಬೆಲ್ಲ ಹಾಕದಿದ್ದರೂ ಆ ಲೋಟ ಶುಗರ್ ಇರುವವರಿಗೆ ಅಷ್ಟೇನೂ ಒಳ್ಳೆಯದಲ್ಲ ಎನ್ನುವುದು ನನ್ನ ವಾದ. ರಾಗಿಯ ಮೇಲೆ ನನಗೇನೂ ಹಗೆಯಿಲ್ಲ. ತಪ್ಪು ರಾಗಿಯದಲ್ಲ, ಅದನ್ನು ಮಾಲ್ಟ್ ಮಾಡಿದ ವಿಧಾನದ್ದು.

ಮೊಳಕೆ ರಾಗಿಯ ಹಿಟ್ಟನ್ನು ನಮ್ಮ ಮನೆಗಳಲ್ಲಿ ಯಾರಿಗಾಗಿ ಮಾಡುತ್ತಿದ್ದರು ಎಂದು ಸ್ವಲ್ಪ ನೆನೆಸಿಕೊಳ್ಳಿ. ಆರೇಳು ತಿಂಗಳ ಕೂಸಿಗೆ. ರಾಗಿ ತೊಳೆದು, ರಾತ್ರಿಯಿಡೀ ನೆನೆಹಾಕಿ, ಒದ್ದೆ ಬಟ್ಟೆಯಲ್ಲಿ ಗಂಟು ಕಟ್ಟಿ ಇಡುತ್ತಿದ್ದರು. ಬಿಳಿ ಮೊಳಕೆ ಬಟ್ಟೆಯ ನೇಯ್ಗೆಯಿಂದ ಹೊರಗೆ ಇಣುಕಿದ ಮೇಲೆ ಬಿಡಿಸಿ ನೆರಳಲ್ಲಿ ಒಣಗಿಸಿ, ಸಣ್ಣ ಉರಿಯಲ್ಲಿ ಹುರಿದು, ಬೀಸಿ, ಕೊನೆಗೆ ತೆಳ್ಳನೆಯ ಪಂಚೆಯಲ್ಲಿ ಸೋಸಿದರೆ ಪೌಡರಿನಂಥ ಸರಿಹಿಟ್ಟು. ಬಟ್ಟೆಯ ಮೇಲೆ ಉಳಿದ ಕೆಂಪು ತರಿ ಹಸುವಿನ ಕಲಗಚ್ಚಿಗೆ. ಮಗುವಿಗೆ ಹಲ್ಲಿಲ್ಲ, ಹೊಟ್ಟೆ ಇನ್ನೂ ಎಳೆಯದು. ಹೀಗಾಗಿ ಅದರ ಅರ್ಧ ಜೀರ್ಣಕ್ರಿಯೆಯನ್ನು ಅಡುಗೆಮನೆಯೇ ಮುಗಿಸಿ ಕೊಡುತ್ತಿತ್ತು. ಮೊಳಕೆ ಬರುವಾಗ ಕಾಳಿನಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಗಂಜಿ ಕಾಯುತ್ತಾ ಬರುವಾಗ ಅದು ಪಿಷ್ಟದ ಉದ್ದ ಸರಪಳಿಗಳನ್ನು ತುಂಡರಿಸಿ ಮಾಲ್ಟೋಸ್‌ನಂಥ ಚಿಕ್ಕ ಸಕ್ಕರೆಗಳಾಗಿಸುತ್ತದೆ. ಸರಿ ಸ್ವಲ್ಪ ಸಿಹಿಯಾಗಿರುವುದೂ, ಹೆಚ್ಚು ಹಿಟ್ಟು ಹಾಕಿದರೂ ಗಟ್ಟಿಯಾಗದೆ ತೆಳ್ಳಗೆ ಉಳಿಯುವುದೂ ಇದರಿಂದಲೇ. ಕಡಿಮೆ ಗುಟುಕಿನಲ್ಲಿ ಹೆಚ್ಚು ಶಕ್ತಿ ಸಿಗುವುದರಿಂದ ಮಕ್ಕಳ ಅಪೌಷ್ಟಿಕತೆಗೆ ಇದು ಒಳ್ಳೆಯ ಉತ್ತರ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಮೊಳಕೆ ರಾಗಿಯ ಶಿಶು ಆಹಾರದ ಮೇಲೆ ಬಹುಕಾಲ ಕೆಲಸ ಮಾಡಿರುವುದೂ ಈ ಕಾರಣಕ್ಕೇ.

ಅದೇ ಹಿಟ್ಟನ್ನು ಐವತ್ತೈದರ ಮಧುಮೇಹಿಗೆ ಕೊಟ್ಟರೆ ಗುಣವೇ ದೋಷವಾಗುತ್ತದೆ. ಅವರಿಗೆ ಬೇಕಾದದ್ದು ಕೂಸಿಗೆ ಬೇಕಾದದ್ದರ ನೇರ ವಿರುದ್ಧ: ನಿಧಾನವಾಗಿ ಅರಗುವ, ಕರುಳಿನಲ್ಲಿ ಸತಾಯಿಸುತ್ತಾ ಸಾಗುವ ಆಹಾರ. ನಮ್ಮಲ್ಲಿ ‘ಹಗುರ’, ‘ಬೇಗ ಅರಗುತ್ತೆ’ ಎಂಬ ಮಾತುಗಳು ಹೊಗಳಿಕೆ. ಜ್ವರ ಬಂದವರಿಗೆ, ಭೇದಿಯಾದವರಿಗೆ, ಆಪರೇಷನ್ ಆಗಿ ಮಲಗಿದವರಿಗೆ ಗಂಜಿ ಕೊಡುವ ಪದ್ಧತಿಯಲ್ಲಿ ಬೆಳೆದವರು ನಾವು. ‘ಕಾಯಿಲೆ’ ಎಂದ ಕೂಡಲೇ ಕೈ ತಾನಾಗಿ ಗಂಜಿ ಪಾತ್ರೆಗೆ ಹೋಗುತ್ತದೆ. ಸಕ್ಕರೆ ಕಾಯಿಲೆ ಮಾತ್ರ ಈ ಲೆಕ್ಕಕ್ಕೆ ಒಗ್ಗದ ಕಾಯಿಲೆ.

ಬೆಳಗಿನ ಹೊತ್ತಿಗೆ ಇನ್ನೊಂದು ತೊಡಕಿದೆ. ನಸುಕಿನಲ್ಲಿ ಮೈಯನ್ನು ಎಬ್ಬಿಸಲು ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಏರುತ್ತವೆ, ಯಕೃತ್ತು ತನ್ನ ಉಗ್ರಾಣದಿಂದ ಗ್ಲೂಕೋಸನ್ನು ರಕ್ತಕ್ಕೆ ಬಿಡುತ್ತದೆ, ಇನ್ಸುಲಿನ್ನಿನ ಮಾತು ಆಗ ಅಷ್ಟಾಗಿ ನಡೆಯುವುದಿಲ್ಲ. ಮಧ್ಯಾಹ್ನ ತಿಂದರೆ ಹೇಗೋ ಹೊಂದಿಕೊಂಡು ಹೋಗುವ ತಿನಿಸು ಬೆಳಿಗ್ಗೆ ಎಂಟಕ್ಕೆ ಎತ್ತರದ ಅಂಕಿಯನ್ನೇ ತೋರಿಸಬಹುದು. ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಕೊಟ್ಟ ಅಂದಾಜಿನಂತೆ ದೇಶದಲ್ಲಿ ಮಧುಮೇಹಿಗಳು 10.1 ಕೋಟಿ, ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಇಷ್ಟು ಮಂದಿ ದಿನಾ ಬೆಳಿಗ್ಗೆ ಏನು ತಿನ್ನಬೇಕು ಎಂಬುದು ಬರೀ ಬಾಯಿರುಚಿಯ ವಿಷಯವಾಗಿ ಉಳಿದಿಲ್ಲ.

ಯಾವ ಆಹಾರ ರಕ್ತದ ಸಕ್ಕರೆಯನ್ನು ಎಷ್ಟು ಏರಿಸುತ್ತದೆ ಎಂದು ಅಳೆದು ಅಂಕ ಕೊಡುವ ಪದ್ಧತಿ ಬಂದದ್ದು 1981ರಲ್ಲಿ. ಟೊರಾಂಟೊ ವಿಶ್ವವಿದ್ಯಾಲಯದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 62 ಆಹಾರಗಳನ್ನು ಜನರಿಗೆ ತಿನ್ನಿಸಿ, ಗ್ಲೂಕೋಸಿಗೆ 100 ಎಂದಿಟ್ಟುಕೊಂಡು ಉಳಿದವುಗಳನ್ನು ಅದಕ್ಕೆ ಹೋಲಿಸಿದರು. ಇದೇ ಗ್ಲೈಸೆಮಿಕ್ ಇಂಡೆಕ್ಸ್. ಇನ್ಸುಲಿನ್ ಕಂಡುಹಿಡಿದದ್ದೂ ಅದೇ ಟೊರಾಂಟೊದಲ್ಲಿ, ಅರವತ್ತು ವರ್ಷ ಮೊದಲು. ಆಮೇಲೆ ಪಟ್ಟಿ ಬೆಳೆಯುತ್ತಾ ಹೋಯಿತು. 2008ರ ಅಂತಾರಾಷ್ಟ್ರೀಯ ಕೋಷ್ಟಕದಲ್ಲಿ ಗಂಜಿಗಳ ಸಾಲನ್ನಷ್ಟೇ ನೋಡಿದರೆ: ಮಾಮೂಲಿ ಓಟ್ಸ್ ಗಂಜಿಗೆ 55, ದಿಢೀರ್ ಓಟ್ಸ್ ಗಂಜಿಗೆ 79, ಅಕ್ಕಿ ಗಂಜಿಗೆ 78, ಕಿರುಧಾನ್ಯದ ಗಂಜಿಗೆ 67, ಬೇಯಿಸಿದ ಬಾರ್ಲಿಗೆ 28.

ಮೊದಲ ಎರಡು ಅಂಕಿಗಳ ಹತ್ತಿರ ಸ್ವಲ್ಪ ನಿಲ್ಲಬೇಕು. ಎರಡೂ ಓಟ್ಸೇ. ಒಂದರ ಅವಲಕ್ಕಿ ದಪ್ಪ, ಬೇಯಲು ಹತ್ತು ನಿಮಿಷ ಬೇಕು. ಇನ್ನೊಂದನ್ನು ಕಾರ್ಖಾನೆಯಲ್ಲೇ ಬೇಯಿಸಿ, ತೆಳ್ಳಗೆ ಒತ್ತಿ, ಪುಡಿಯಾಗುವ ಹದಕ್ಕೆ ತಂದಿರುತ್ತಾರೆ, ಬಿಸಿನೀರು ಸುರಿದರೆ ಸಾಕು. ನಿಮ್ಮ ಒಲೆ ಉಳಿಸಿದ ಆ ಹತ್ತು ನಿಮಿಷವನ್ನು ನಿಮ್ಮ ಕರುಳೂ ಉಳಿಸುತ್ತದೆ. ಹೀಗೆ ಒಂದೇ ಧಾನ್ಯ ಓಟ್ಸ್ ಗಂಜಿಯೂ ಆಗಬಲ್ಲದು, ಅಕ್ಕಿ ಗಂಜಿಯೂ ಆಗಬಲ್ಲದು. ನಾವು ಅಂಗಡಿಯಲ್ಲಿ ಧಾನ್ಯದ ಹೆಸರು ಕೇಳುತ್ತೇವೆ, ಅದನ್ನು ಎಷ್ಟು ಸಣ್ಣಗೆ ಮಾಡಿದ್ದಾರೆಂದು ಕೇಳುವುದಿಲ್ಲ.

ಓಟ್ಸಿನ ಕೀರ್ತಿಯ ಬಗ್ಗೆಯೂ ಒಂದು ಮಾತು. ಅದಕ್ಕೆ ಹೆಸರು ತಂದುಕೊಟ್ಟದ್ದು ಶುಗರ್ ಅಲ್ಲ, ಕೊಲೆಸ್ಟರಾಲ್. ದಿನಕ್ಕೆ 3 ಗ್ರಾಂ ಬೀಟಾ-ಗ್ಲೂಕಾನ್ ಎಂಬ ಅಂಟುನಾರು ಹೊಟ್ಟೆ ಸೇರಿದರೆ ಹೃದಯಕ್ಕೆ ಒಳಿತು ಎಂದು ಪೊಟ್ಟಣದ ಮೇಲೆ ಬರೆದುಕೊಳ್ಳಲು ಅಮೆರಿಕದ ಎಫ್‌ಡಿಎ 1997ರಲ್ಲಿ ಒಪ್ಪಿತು. ಊಟದ ನಂತರದ ಸಕ್ಕರೆಗೆ ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಹಾಕಿದ ಷರತ್ತು ಇನ್ನೂ ಬಿಗಿ: ಪ್ರತಿ 30 ಗ್ರಾಂ ಕಾರ್ಬೋಹೈಡ್ರೇಟಿಗೆ 4 ಗ್ರಾಂ ಬೀಟಾ-ಗ್ಲೂಕಾನ್ ಇರಬೇಕು. ಮಾಮೂಲಿ ಓಟ್ಸಿನಲ್ಲಿ 30 ಗ್ರಾಂ ಕಾರ್ಬೋಹೈಡ್ರೇಟ್ ಬರುವಷ್ಟು ತೂಗಿದರೆ ಈ ನಾರು ಸಿಗುವುದು ಸುಮಾರು 2 ಗ್ರಾಂ, ಅಂದರೆ ಅರ್ಧ. ಅದರ ಮೇಲೆ ಬಾಳೆಹಣ್ಣು, ಖರ್ಜೂರ, ಎರಡು ಚಮಚ ಜೇನುತುಪ್ಪ. ಹೀಗೆ ಅಲಂಕಾರ ಮಾಡಿಕೊಂಡ ಓಟ್ಸಿಗೂ ಪಾಯಸಕ್ಕೂ ಹೆಚ್ಚು ದೂರವಿಲ್ಲ.

ಬಾರ್ಲಿಯ ಕಥೆ ಇನ್ನೂ ಹಳೆಯದು. ಪ್ರಮೇಹ ಇರುವವನಿಗೆ ಜವೆಯೇ ಮುಖ್ಯ ಆಹಾರವಾಗಬೇಕೆಂದು ಚರಕ ಸಂಹಿತೆ ಹೇಳುತ್ತದೆ. ಜವೆಯೆಂದರೆ ಈ ಬಾರ್ಲಿಯೇ. ಇತ್ತ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ, ಇನ್ಸುಲಿನ್ ಇನ್ನೂ ಬಂದಿರದಿದ್ದಾಗ, ಜರ್ಮನಿಯ ವೈದ್ಯ ಕಾರ್ಲ್ ಫಾನ್ ನೂರ್ಡೆನ್ ತೀವ್ರ ಮಧುಮೇಹಿಗಳಿಗೆ ಕೆಲವು ದಿನ ಬರೀ ಓಟ್ಸ್ ಗಂಜಿ, ಅದಕ್ಕೆ ಧಾರಾಳ ಬೆಣ್ಣೆ ಕೊಟ್ಟು ನೋಡಿದ. ಪಿಷ್ಟವನ್ನೇ ದೂರವಿಡುತ್ತಿದ್ದ ಕಾಲದಲ್ಲಿ ಅದು ವಿಚಿತ್ರ ಚಿಕಿತ್ಸೆ, ಆದರೂ ಕೆಲವರ ಮೂತ್ರದಲ್ಲಿ ಸಕ್ಕರೆ ಕಡಿಮೆಯಾಯಿತು. ಚರಕನಿಗಾಗಲಿ ನೂರ್ಡೆನ್‌ಗಾಗಲಿ ಬೀಟಾ-ಗ್ಲೂಕಾನ್ ಗೊತ್ತಿರಲಿಲ್ಲ, ಆದರೆ ಇಬ್ಬರ ಕೈಯೂ ಹೋದದ್ದು ಅದು ಹೆಚ್ಚಾಗಿರುವ ಎರಡು ಧಾನ್ಯಗಳ ಕಡೆಗೆ. ನಾವು ಬಾರ್ಲಿಯನ್ನು ಬಳಸುವ ರೀತಿ ಮಾತ್ರ ತಮಾಷೆಯಾಗಿದೆ. ಉರಿಮೂತ್ರವಾದಾಗ ಬಾರ್ಲಿ ಕುದಿಸಿ, ಬಸಿದು, ನೀರು ಕುಡಿದು, ಬೆಂದ ಕಾಳನ್ನು ಗಿಡದ ಬುಡಕ್ಕೆ ಹಾಕುತ್ತೇವೆ.

ಮತ್ತೆ ರಾಗಿಗೆ ಬರೋಣ. ಕನಕದಾಸರ ರಾಮಧಾನ್ಯ ಚರಿತ್ರೆಯಲ್ಲಿ ರಾಗಿ, ಭತ್ತ ಎರಡನ್ನೂ ಸೆರೆಯಲ್ಲಿಟ್ಟು ಗೆದ್ದವರು ಯಾರೆಂದು ನೋಡಿದರಷ್ಟೆ. ಅಲ್ಲಿ ತೀರ್ಪಾದದ್ದು ಯಾವುದು ಕೆಡದೆ ಬಾಳುತ್ತದೆ ಎಂಬುದು. ರಕ್ತದ ಸಕ್ಕರೆಯ ದಾವೆ ಆ ಸಭೆಯ ಮುಂದೆ ಬಂದೇ ಇರಲಿಲ್ಲ. ಆದರೂ ನಾವು ರಾಗಿಯ ಆ ಗೆಲುವನ್ನು ಎಲ್ಲ ವ್ಯಾಜ್ಯಕ್ಕೂ ಅನ್ವಯಿಸಿಬಿಟ್ಟಿದ್ದೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 67 ಗ್ರಾಂ ಕಾರ್ಬೋಹೈಡ್ರೇಟ್, 11 ಗ್ರಾಂ ನಾರು, 364 ಮಿಲಿಗ್ರಾಂ ಕ್ಯಾಲ್ಸಿಯಂ. ಕ್ಯಾಲ್ಸಿಯಂನಲ್ಲಿ ಬೇರಾವ ಧಾನ್ಯವೂ ಅದರ ಹತ್ತಿರ ಸುಳಿಯುವುದಿಲ್ಲ. ನಾರಿನಲ್ಲೂ ಪಾಲಿಷ್ ಅಕ್ಕಿಗಿಂತ ಬಹಳ ಮುಂದೆ. ಆದರೆ 100 ಗ್ರಾಂ ಹಿಟ್ಟಿನ ಒಂದು ಮುದ್ದೆಯಲ್ಲಿ 67 ಗ್ರಾಂ ಕಾರ್ಬೋಹೈಡ್ರೇಟ್ ಇದ್ದೇ ಇರುತ್ತದೆ. ‘ಮುದ್ದೆ ಎಷ್ಟು ತಿಂದರೂ ಏನೂ ಆಗಲ್ಲ’ ಎಂಬ ಮಾತು ಇಡೀ ದಿನ ನೇಗಿಲ ಹಿಂದೆ ನಡೆದವನದು, ಕುರ್ಚಿಯಲ್ಲಿ ಕೂತವನು ಅದನ್ನು ಕಡ ತಂದುಕೊಂಡಿದ್ದಾನೆ.

ಒಂದು ಲೋಟದ ಲೆಕ್ಕ ಹಾಕಿ ನೋಡೋಣ. 30 ಗ್ರಾಂ ರಾಗಿ ಹಿಟ್ಟು: 20 ಗ್ರಾಂ ಕಾರ್ಬೋಹೈಡ್ರೇಟ್. ಮುಕ್ಕಾಲು ಲೋಟ ಹಾಲು: ಇನ್ನೊಂದು 7. ನಿಂಬೆ ಗಾತ್ರಕ್ಕೂ ಚಿಕ್ಕದಾದ ಬೆಲ್ಲದ ತುಂಡು, 15 ಗ್ರಾಂ: ಹೆಚ್ಚುಕಡಿಮೆ 13. ಒಟ್ಟು ನಲವತ್ತು, ಅದೂ ಕುಡಿಯಲು ಎರಡು ನಿಮಿಷವೂ ಬೇಡದ ರೂಪದಲ್ಲಿ. ಅದೇ 30 ಗ್ರಾಂ ಹಿಟ್ಟನ್ನು, ಮೊಳಕೆ ಕಟ್ಟದ, ಜರಡಿ ಹಿಡಿಯದ ಹಿಟ್ಟನ್ನು, ಅಂಬಲಿ ಕಾಯಿಸಿ ರಾತ್ರಿ ಹುಳಿಯಾಗಲು ಬಿಟ್ಟು, ಬೆಳಿಗ್ಗೆ ಮಜ್ಜಿಗೆ, ಉಪ್ಪು, ಹೆಚ್ಚಿದ ಈರುಳ್ಳಿ ಬೆರೆಸಿದರೆ ಇಪ್ಪತ್ತೆರಡು ಇಪ್ಪತ್ತಮೂರಕ್ಕೆ ನಿಲ್ಲುತ್ತದೆ. ರಾಗಿಯ ಸಿಪ್ಪೆ ಅಕ್ಕಿಯ ತೌಡಿನಂತೆ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಇಡೀ ಕಾಳಿನೊಂದಿಗೇ ಹಿಟ್ಟಾಗುತ್ತದೆ. ರಾಗಿಯ ಕಂದು ಬಣ್ಣದ ಪಾಲಿಫಿನಾಲುಗಳೂ ನಾರೂ ಹೆಚ್ಚಾಗಿರುವುದು ಅಲ್ಲೇ. ಮಾಲ್ಟ್ ನಯವಾಗಲೆಂದು ನಾವು ಬಟ್ಟೆಯಲ್ಲಿ ಸೋಸಿ ತೆಗೆಯುವುದೂ ಅದನ್ನೇ. ಹುಳಿಯಾದ ಅಂಬಲಿಯಲ್ಲಿರುವ ಲ್ಯಾಕ್ಟಿಕ್ ಆಮ್ಲದಂಥ ಹುಳಿಗಳು ಸಕ್ಕರೆಯ ಏರಿಕೆಯನ್ನು ತುಸು ತಡೆಯುತ್ತವೆ. ಆರಿದ ಪಿಷ್ಟದ ಒಂದು ಪಾಲು ಗಟ್ಟಿಗೊಂಡು ಕಿಣ್ವಗಳಿಗೆ ಜಗ್ಗದೆ ನಿಲ್ಲುತ್ತದೆ. ಪವಾಡವೇನಲ್ಲ, ಸಣ್ಣ ಸಣ್ಣ ಅನುಕೂಲಗಳು.

ಕರಾವಳಿಯ ಕುಚ್ಚಲಕ್ಕಿ ಗಂಜಿಯನ್ನು ಅಕ್ಕಿ ಗಂಜಿಯೆಂದು ಒಂದೇ ಏಟಿಗೆ ತಳ್ಳಿಹಾಕುವುದು ಅನ್ಯಾಯ. ಭತ್ತವಾಗಿರುವಾಗಲೇ ಒಮ್ಮೆ ಬೆಂದು ಒಣಗಿದ ಅಕ್ಕಿ ಅದು. ಒಲೆಯ ಮೇಲೆ ಎಷ್ಟು ಹೊತ್ತು ಇದ್ದರೂ ಅಗುಳು ಅಗುಳಾಗಿಯೇ ಇರುತ್ತದೆ, ಜಗಿಯಬೇಕು. ಅಪಾಯ ಇರುವುದು ತಿಳಿಯಲ್ಲಿ, ಮತ್ತು ಉಪ್ಪಿನಕಾಯಿಯೊಂದೇ ನೆಂಚಿಕೊಂಡು ಎರಡು ಬಟ್ಟಲು ಇಳಿಸುವ ಅಭ್ಯಾಸದಲ್ಲಿ. ಪಕ್ಕದಲ್ಲಿ ಹೆಸರುಕಾಳಿನ ಪಲ್ಯವೋ, ಹುರುಳಿ ಚಟ್ನಿಯೋ, ಮೀನೋ ಇದ್ದು ಗಂಜಿ ಒಂದೇ ಬಟ್ಟಲಾದರೆ ಲೆಕ್ಕ ಬೇರೆ. ಕಾಳು, ತರಕಾರಿ, ಮೊಟ್ಟೆ ಮೊದಲು ತಿಂದು ಪಿಷ್ಟವನ್ನು ಕೊನೆಗೆ ತಿಂದರೆ ಏರಿಕೆ ಕಡಿಮೆ ಎಂದು ಪ್ರಯೋಗಗಳು ತೋರಿಸಿವೆ. ಗಂಜಿಗೆ ಮೊದಲು ಒಂದು ಬಟ್ಟಲು ಕೋಸಂಬರಿ ತಿನ್ನಲು ಯಾರ ಅಪ್ಪಣೆಯೂ ಬೇಕಿಲ್ಲ.

ಇಷ್ಟೆಲ್ಲ ಹೇಳಿಯೂ ಕೋಷ್ಟಕದ ಅಂಕಿ ನಿಮ್ಮ ಮೈಯ ಅಂಕಿಯಲ್ಲ. ಇಸ್ರೇಲಿನ ವೈಜ್‌ಮನ್ ಸಂಸ್ಥೆಯವರು 2015ರಲ್ಲಿ 800 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ ಒಂದೇ ಆಹಾರಕ್ಕೆ ಒಬ್ಬೊಬ್ಬರ ರಕ್ತ ಒಂದೊಂದು ರೀತಿ ಓಗೊಟ್ಟಿತು. ಹೀಗಾಗಿ ಮನೆಯ ಗ್ಲುಕೋಮೀಟರೇ ಕೊನೆಯ ಪಂಚಾಯಿತಿ. ಬಹಳ ಮಂದಿ ಅದನ್ನು ಖಾಲಿ ಹೊಟ್ಟೆಗೆ ಮಾತ್ರ ಚುಚ್ಚಿಕೊಂಡು ಎತ್ತಿಡುತ್ತಾರೆ. ಖಾಲಿ ಹೊಟ್ಟೆಯ ಅಂಕಿ ಗಂಜಿಯ ಬಗ್ಗೆ ಏನನ್ನೂ ಹೇಳದು. ತಿಂಡಿಗೆ ಮುಂಚೆ ಒಮ್ಮೆ, ಮೊದಲ ತುತ್ತಿನಿಂದ ಎರಡು ಗಂಟೆಗೆ ಇನ್ನೊಮ್ಮೆ ನೋಡಿ, ವ್ಯತ್ಯಾಸ ಬರೆದಿಡಬೇಕು. ಒಂದು ದಿನ ಮಾಲ್ಟ್, ಇನ್ನೊಂದು ದಿನ ನುಚ್ಚು, ಅಳತೆ ಒಂದೇ, ನಡಿಗೆ ಒಂದೇ. ಊಟದ ನಂತರ 180 ದಾಟದಿರಲಿ ಎನ್ನುವುದು ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಬಹುಪಾಲು ವಯಸ್ಕರಿಗೆ ಹಾಕಿರುವ ಗೆರೆ. ನಿಮ್ಮದು ಎಲ್ಲಿರಬೇಕೆಂದು ನಿಮ್ಮ ಡಾಕ್ಟರು ಹೇಳುತ್ತಾರೆ.

ಡಾಕ್ಟರನ್ನು ಕೇಳದೆ ಮಾಡಬಾರದ ಕೆಲಸವೂ ಒಂದಿದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗುವವರು ಈ ಲೇಖನ ಓದಿದ ಉತ್ಸಾಹದಲ್ಲಿ ನಾಳೆಯೇ ತಿಂಡಿಯ ಪಿಷ್ಟವನ್ನು ಅರ್ಧಕ್ಕಿಳಿಸಿದರೆ ಹನ್ನೊಂದು ಗಂಟೆಗೆ ಕೈ ನಡುಗಿ, ಬೆವತು, ಸಕ್ಕರೆ 70ಕ್ಕಿಂತ ಕೆಳಗಿಳಿಯಬಹುದು. ಮದ್ದಿನ ಅಳತೆ ಹಳೆಯ ತಿಂಡಿಗೆ ಹೊಂದಿಸಿದ್ದು. ಆ ಗಳಿಗೆಯಲ್ಲಿ ನುಚ್ಚು ಉಪಯೋಗಕ್ಕಿಲ್ಲ, 15 ಗ್ರಾಂ ಗ್ಲೂಕೋಸೋ ಸಕ್ಕರೆಯೋ ಬೇಕು, ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು.

ನನ್ನನ್ನೇ ಕೇಳಿದರೆ ನನ್ನ ಓಟು ಉತ್ತರ ಕರ್ನಾಟಕದ ಜೋಳದ ನುಚ್ಚಿಗೆ. ಜೋಳವನ್ನು ಒರಟಾಗಿ ಒಡೆದು, ಹಿಟ್ಟನ್ನು ಜರಡಿಯಲ್ಲಿ ಬೇರ್ಪಡಿಸಿ, ಉಳಿದ ನುಚ್ಚನ್ನು ಬೇಯಿಸಿ, ಆರಿದ ಮೇಲೆ ಮಜ್ಜಿಗೆ ಹಾಕಿ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿಯ ಜೊತೆ ಉಣ್ಣುತ್ತಾರೆ. ಸರಿಹಿಟ್ಟಿಗೆ ಬಟ್ಟೆಯಿಂದ ಕೆಳಗಿಳಿದದ್ದು ಬೇಕು, ಇಲ್ಲಿ ಜರಡಿಯ ಮೇಲೆ ನಿಂತದ್ದು ಬೇಕು. 40 ಗ್ರಾಂ ನುಚ್ಚಿಗೆ ದೊಡ್ಡ ಬಟ್ಟಲೇ ತುಂಬುತ್ತದೆ, 27 ಗ್ರಾಂ ಕಾರ್ಬೋಹೈಡ್ರೇಟ್, ಜಗಿದು ಮುಗಿಸಲು ಕಾಲು ಗಂಟೆಯಾದರೂ ಬೇಕು. ಗೋಧಿ ನುಚ್ಚಿಗೂ ಒಡೆದ ಬಾರ್ಲಿಗೂ ಇದೇ ಉಪಚಾರ ಮಾಡಬಹುದು. ದರ್ಶಿನಿಗಳ ಬೋರ್ಡಿನಲ್ಲಿ ‘ಶುಗರ್‌ಲೆಸ್ ರಾಗಿ ಮಾಲ್ಟ್’ ಕಾಣುತ್ತದೆ, ನುಚ್ಚು ಕಾಣುವುದಿಲ್ಲ. ನಿಂತುಕೊಂಡು ಎರಡು ನಿಮಿಷಕ್ಕೆ ಮುಗಿಸಿ ಹೊರಡುವಂಥದ್ದಲ್ಲವಲ್ಲ ಅದು. ಮನೆಯಲ್ಲಾದರೆ ರಾತ್ರಿ ನೆನೆಹಾಕಿಟ್ಟು ಬೆಳಿಗ್ಗೆ ಕುಕ್ಕರಿನಲ್ಲಿ ಕೂಗಿಸಬಹುದು. ಕಾಳು ಕರಗಿ ಹೋಗುವಷ್ಟು ಮಾತ್ರ ಕೂಗಿಸಬೇಡಿ.